ಹಳೇ ಲ್ಯಾಪ್‌ಟಾಪ್‌ನ ಪೋರ್ಟ್ ಕೈಕೊಟ್ಟಿದ್ಯಾ? ರಿಪೇರಿಗೆ ಕೊಡೋ ಮುಂಚೆ ಮನೇಲೇ ಪತ್ತೆ ಹಚ್ಚೋದು ಹೇಗೆ

"ಪೋರ್ಟ್ ಹೋಗಿದೆ" ಅಂತೀವಲ್ಲ, ಆ ಒಂದು ಮಾತಿನ ಹಿಂದೆ ಐದಾರು ಬೇರೆ ಬೇರೆ ಕಾರಣ ಇರಬಹುದು. ಕೇಬಲ್ ಕೆಟ್ಟಿರಬಹುದು, ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗೋ ಮುಂಚೆ ಓಡೋ, ಬೋರ್ಡಲ್ಲೇ ಇರೋ ಸಾಫ್ಟ್‌ವೇರ್) ಯಾರೋ ಆಫ್ ಮಾಡಿಟ್ಟಿರಬಹುದು, ಡ್ರೈವರ್ (ಪೋರ್ಟನ್ನ ವಿಂಡೋಸ್ ಬಳಸೋಕೆ ಬೇಕಾದ ಸಾಫ್ಟ್‌ವೇರ್) ಇಲ್ದೇ ಇರಬಹುದು, ಒಳಗೆ ಧೂಳೋ ಕಿಲುಬೋ ಕೂತಿರಬಹುದು, ಪೋರ್ಟಿನ ಕಾಲು ಬೋರ್ಡಿಂದ ಬಿಟ್ಕೊಂಡಿರಬಹುದು, ಅದ್ಯಾವ್ದೂ ಅಲ್ದಿದ್ರೆ ನಿಜವಾಗ್ಲೂ ಬೋರ್ಡ್ ಮೇಲಿನ ಚಿಪ್ ಸುಟ್ಟಿರಬಹುದು. ಇದರಲ್ಲಿ ಮೊದಲ ನಾಲ್ಕಕ್ಕೆ ಹೆಚ್ಚುಕಮ್ಮಿ ಖರ್ಚೇ ಇಲ್ಲ, ಐದನೇದಕ್ಕೆ ಸ್ವಲ್ಪ ಖರ್ಚು, ಆರನೇದಕ್ಕೆ ಮಾತ್ರ ಬೋರ್ಡ್ ಕೆಲಸ ಬೇಕು. ಆದ್ರೆ ಅಂಗಡಿಗೆ ತಗೊಂಡು ಹೋದ ತಕ್ಷಣ ತುಂಬಾ ಜನಕ್ಕೆ ಸಿಗೋ ಉತ್ತರ ಆರನೇದು, ಯಾಕಂದ್ರೆ ಒಂದೊಂದಾಗಿ ಚೆಕ್ ಮಾಡ್ತಾ ಕೂರೋಕೆ ಅವ್ರಿಗೆ ಟೈಮ್ ಇರಲ್ಲ. ನಮಗೆ ಇರತ್ತೆ. ಹಂಗಾಗಿ ತೊಂದ್ರೆ ಎಲ್ಲಿದೆ ಅಂತ ನಾವೇ ಗೊತ್ತು ಮಾಡ್ಕೊಂಡು ಹೋಗೋದು ಒಳ್ಳೇದು, ದುಡ್ಡೂ ಉಳಿಯತ್ತೆ, ಚೆನ್ನಾಗಿ ಓಡ್ತಿರೋ ಮಷಿನ್ ಗುಜರಿಗೆ ಹೋಗೋದೂ ತಪ್ಪತ್ತೆ.

ನಾನಿಲ್ಲಿ ಹೇಳ್ತಿರೋದು 2010ರಿಂದ 2016ರ ಆಸುಪಾಸಿನ ಲ್ಯಾಪ್‌ಟಾಪ್‌ಗಳ ಬಗ್ಗೆ, ಅಂದ್ರೆ ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಪ್ರೋಬುಕ್ ತರದ್ದು, ಕಂಪನಿಗಳಲ್ಲಿ ಬಳಸಿ ಬಿಟ್ಟಿದ್ದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಸಿಗತ್ತಲ್ಲ, ಅಂಥವು. ಯುಎಸ್‌ಬಿ, ವಿಜಿಎ (ಪ್ರೊಜೆಕ್ಟರ್ ಹಾಕೋದು), ಎಚ್‌ಡಿಎಂಐ (ಟಿವಿ ಹಾಕೋದು), ಲ್ಯಾನ್ (ಇಂಟರ್ನೆಟ್ ಕೇಬಲ್ ಹಾಕೋದು), ಆಡಿಯೋ ಜ್ಯಾಕ್, ಚಾರ್ಜರ್ ಪಿನ್, ಇಷ್ಟೂ ನೋಡೋಣ. ಟೈಪ್-ಸಿ ಬೇರೆಯೇ ಕತೆ, ಅದನ್ನ ಇಲ್ಲಿ ಎಳೆಯಲ್ಲ.

ಬೇಕಾಗೋ ಸಾಮಾನು

ಒಳ್ಳೇ ಟಾರ್ಚ್, ಜೂಮ್ ಆಗೋ ಕ್ಯಾಮೆರಾ ಇರೋ ಫೋನ್, ಬೇರೆ ಕಂಪ್ಯೂಟರ್‌ನಲ್ಲಿ ಖಂಡಿತ ಕೆಲಸ ಮಾಡ್ತಿದೆ ಅಂತ ಗೊತ್ತಿರೋ ಒಂದು ಮೌಸ್ ಮತ್ತೆ ಒಂದು ಪೆನ್‌ಡ್ರೈವ್, ಸಾಧ್ಯ ಆದ್ರೆ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್. ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿರೋ ಇನ್ನೊಂದು ಪೆನ್‌ಡ್ರೈವ್ (ಎರಡೂ ವಿಂಡೋಸ್ ಬದಲು ಬಳಸೋ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್‌ಗಳು, ಯಾಕೆ ಬೇಕು ಅಂತ ಮುಂದೆ ಹೇಳ್ತೀನಿ). ಸಾಧಾರಣ ಡಿಜಿಟಲ್ ಮಲ್ಟಿಮೀಟರ್. ಐಪಿಎ ಅಂತ ಸಿಗೋ ಐಸೊಪ್ರೊಪೈಲ್ ಆಲ್ಕೋಹಾಲ್, 99 ಪರ್ಸೆಂಟ್‌ದು, ಮೆಡಿಕಲ್ ಶಾಪ್‌ನ ಸ್ಯಾನಿಟೈಸರ್ ಅಲ್ಲ, ಅದರಲ್ಲಿ ನೀರು ಮತ್ತೆ ಜಿಡ್ಡು ಇರತ್ತೆ. ಮರದ ಹಲ್ಲುಕಡ್ಡಿ, ಸಣ್ಣ ಬ್ರಷ್. ಒಂದು ಹಳೇ ಬೇಡವಾದ ಯುಎಸ್‌ಬಿ ಕೇಬಲ್, ಇದನ್ನ ಕತ್ತರಿಸ್ತೀವಿ. ಆಮೇಲೆ ಪೆನ್ನು, ಪೇಪರ್. ಪೇಪರ್ ಯಾಕೆ ಅಂತ ಅನ್ಸಬಹುದು, ನಾಲ್ಕು ಪೋರ್ಟ್, ಮೂರು ಸಾಮಾನು, ಎರಡು ಕೇಬಲ್ ಅಂತ ಅದಲು ಬದಲು ಮಾಡ್ತಾ ಹೋದ್ರೆ ಅರ್ಧ ಗಂಟೇಲಿ ಯಾವ್ದು ಎಲ್ಲಿ ಓಡ್ತು ಅನ್ನೋದೇ ಮರೆತುಹೋಗತ್ತೆ.

ಒಂದು ಎಚ್ಚರಿಕೆ ಮೊದಲೇ ಹೇಳ್ಬಿಡ್ತೀನಿ. ಲ್ಯಾಪ್‌ಟಾಪ್ ಆನ್ ಇರುವಾಗ ಪೋರ್ಟಿನ ಒಳಗೆ ಪಿನ್ನು, ಸೂಜಿ, ಚಿಮುಟ ಯಾವ್ದನ್ನೂ ಹಾಕ್ಬೇಡಿ. ಯುಎಸ್‌ಬಿಯ 5 ವೋಲ್ಟ್ ಪಿನ್ ಆ ಕಡೆಯಿಂದ ಈ ಕಡೆಗೆ ಒಂದ್ಸಲ ತಾಗಿದ್ರೆ ಸಾಕು, ಇಲ್ಲದ ತೊಂದ್ರೆ ಹೊಸದಾಗಿ ಬರತ್ತೆ. ಚಾರ್ಜರ್ ಜ್ಯಾಕ್‌ನಲ್ಲಂತೂ 19-20 ವೋಲ್ಟ್ ಇರತ್ತೆ.

ಹಂತ 1: ಪೋರ್ಟನ್ನ ಬಿಟ್ಟು ಬೇರೆ ಎಲ್ಲದರ ಮೇಲೆ ಅನುಮಾನ ಪಡಿ

ಅದೇ ಸಾಮಾನು, ಅದೇ ಕೇಬಲ್ ಬೇರೆ ಕಂಪ್ಯೂಟರ್‌ಗೆ ಹಾಕಿ ನೋಡಿ. ಆಮೇಲೆ ಅದೇ ಲ್ಯಾಪ್‌ಟಾಪ್‌ನ ಬೇರೆ ಪೋರ್ಟಿಗೆ ಹಾಕಿ. ಒಂದು ಸಲಕ್ಕೆ ಒಂದೇ ವಿಷಯ ಬದಲಾಯಿಸಿ, ಕೇಬಲ್ಲೂ ಪೋರ್ಟೂ ಎರಡೂ ಒಟ್ಟಿಗೆ ಬದಲಾಯಿಸಿದ್ರೆ ಯಾವ್ದರಿಂದ ಸರಿ ಆಯ್ತು ಅಂತ ಗೊತ್ತಾಗಲ್ಲ. ಫೋನ್ ಚಾರ್ಜ್ ಆಗತ್ತೆ ಆದ್ರೆ ಕಂಪ್ಯೂಟರ್‌ನಲ್ಲಿ ಫೋನ್ ಕಾಣಲ್ಲ ಅನ್ನೋ ದೂರು ಇದ್ಯಲ್ಲ, ಅದರಲ್ಲಿ ಬಹಳಷ್ಟು ಸಲ ಕೇಬಲ್ಲೇ ಬರೀ ಚಾರ್ಜಿಂಗ್ ಕೇಬಲ್ ಆಗಿರತ್ತೆ, ಒಳಗೆ ಡೇಟಾ ವೈರೇ ಇರಲ್ಲ.

ಆಮೇಲೆ ಲ್ಯಾಪ್‌ಟಾಪ್ ಒಳಗೆ ಉಳಿದಿರೋ ಕರೆಂಟನ್ನ ಪೂರ್ತಿ ಖಾಲಿ ಮಾಡಿ. ಶಟ್‌ಡೌನ್ ಮಾಡಿ (ವಿಂಡೋಸ್ 10ರಲ್ಲಿ ಶಿಫ್ಟ್ ಒತ್ತಿ ಹಿಡ್ಕೊಂಡು ಶಟ್‌ಡೌನ್ ಕ್ಲಿಕ್ ಮಾಡಿ, ಇಲ್ದಿದ್ರೆ ಫಾಸ್ಟ್ ಸ್ಟಾರ್ಟಪ್ ಇಂದಾಗಿ ಅದು ಪೂರ್ತಿ ಆಫ್ ಆಗಿರಲ್ಲ), ಚಾರ್ಜರ್ ತೆಗೀರಿ, ಬ್ಯಾಟರಿ ಕಳಚಿ, ಪವರ್ ಬಟನ್ನ 30 ಸೆಕೆಂಡ್ ಒತ್ತಿ ಹಿಡೀರಿ, ಆಮೇಲೆ ಬ್ಯಾಟರಿ ಹಾಕಿ ಆನ್ ಮಾಡಿ. ಹಳೇ ಮಾಡೆಲ್‌ಗಳಲ್ಲಿ ಬ್ಯಾಟರಿ ಸುಲಭವಾಗಿ ಕಳಚೋಕೆ ಬರೋದ್ರಿಂದ ಇದು ನಿಮಿಷದ ಕೆಲಸ. ಕೇಳೋಕೆ ತೀರಾ ಸಿಂಪಲ್ ಅನ್ಸತ್ತೆ ಆದ್ರೆ ಯಾವ್ದೋ ಶಾರ್ಟ್ ಆದ ಸಾಮಾನು ಹಾಕಿದ್ದಕ್ಕೆ ಕಂಟ್ರೋಲರ್ (ಪೋರ್ಟುಗಳನ್ನ ನಡೆಸೋ ಚಿಪ್) ಮುನಿಸ್ಕೊಂಡು ಪೋರ್ಟ್ ಆಫ್ ಮಾಡಿದ್ರೆ ಎಷ್ಟೋ ಸಲ ಇಷ್ಟಕ್ಕೇ ವಾಪಸ್ ಬಂದುಬಿಡತ್ತೆ.

ಹಂತ 2: ಬಯೋಸ್

ಕಂಪನಿಯಿಂದ ಬಂದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಆಗಿದ್ರೆ ಇದನ್ನ ತಪ್ಪಿಸ್ಲೇಬೇಡಿ. ಡೇಟಾ ಹೊರಗೆ ಹೋಗ್ಬಾರ್ದು ಅಂತ ಕೆಲವು ಕಂಪನಿಗಳು ಬಯೋಸ್‌ನಲ್ಲೇ ಯುಎಸ್‌ಬಿ ಪೋರ್ಟ್ ಬಂದ್ ಮಾಡಿರ್ತಾರೆ. ನೀವು ವಿಂಡೋಸ್ ಎಷ್ಟ್ ಸಲ ಫಾರ್ಮ್ಯಾಟ್ ಮಾಡಿದ್ರೂ ಆ ಸೆಟ್ಟಿಂಗ್ ಹೋಗಲ್ಲ, ಯಾಕಂದ್ರೆ ಅದು ಹಾರ್ಡ್‌ಡಿಸ್ಕ್‌ನಲ್ಲಿ ಇರಲ್ಲ. ಲ್ಯಾಪ್‌ಟಾಪ್ ಆನ್ ಆಗ್ತಿದ್ದ ಹಾಗೇ ಡೆಲ್‌ನಲ್ಲಿ ಎಫ್2, ಥಿಂಕ್‌ಪ್ಯಾಡ್‌ನಲ್ಲಿ ಎಫ್1, ಎಚ್‌ಪಿಯಲ್ಲಿ ಎಫ್10 ಒತ್ತಿ ಒಳಗೆ ಹೋಗಿ. ಯುಎಸ್‌ಬಿ ಕಾನ್ಫಿಗರೇಷನ್, ಐಓ ಪೋರ್ಟ್ ಆಕ್ಸೆಸ್, ಡಿವೈಸ್ ಕಾನ್ಫಿಗರೇಷನ್ ಈ ತರ ಹೆಸರಿನ ಪುಟದಲ್ಲಿ ಪ್ರತಿ ಪೋರ್ಟಿಗೂ ಎನೇಬಲ್, ಡಿಸೇಬಲ್ ಇರತ್ತೆ. ಲ್ಯಾನ್, ಆಡಿಯೋ, ಕಾರ್ಡ್ ರೀಡರ್ ಕೂಡ ಅಲ್ಲೇ ಸುತ್ತಮುತ್ತ ಇರತ್ತೆ.

ಬಯೋಸ್ ಒಳಗಿರುವಾಗಲೇ ಇನ್ನೊಂದು ಟೆಸ್ಟ್ ಮಾಡ್ಬಹುದು. ಯುಎಸ್‌ಬಿ ಕೀಬೋರ್ಡ್ ಒಂದನ್ನ ಅನುಮಾನ ಇರೋ ಪೋರ್ಟಿಗೆ ಹಾಕಿ ಬಾಣದ ಕೀ ಒತ್ತಿ. ಮೆನು ಮೇಲೆ ಕೆಳಗೆ ಓಡಾಡಿದ್ರೆ ಆ ಪೋರ್ಟಿನ ಕರೆಂಟೂ ಡೇಟಾ ಲೈನೂ ಎರಡೂ ಜೀವಂತ ಇದೆ ಅಂತ ಅರ್ಥ, ತೊಂದ್ರೆ ವಿಂಡೋಸ್ ಕಡೆ ಇರೋ ಸಾಧ್ಯತೆ ಜಾಸ್ತಿ. ಓಡಾಡ್ಲಿಲ್ಲ ಅಂದ್ರೆ ಮಾತ್ರ ತಕ್ಷಣ ತೀರ್ಮಾನಕ್ಕೆ ಬರ್ಬೇಡಿ, ನೀಲಿ ಪೋರ್ಟಿಗೆ (ಅಂದ್ರೆ ಯುಎಸ್‌ಬಿ 3.0 ಪೋರ್ಟಿಗೆ) ಬೇರೆ ಕಂಪನಿ ಚಿಪ್ ಇರೋ ಹಳೇ ಮಷಿನ್‌ಗಳಲ್ಲಿ ಆ ಪೋರ್ಟು ಬಯೋಸ್‌ನಲ್ಲಿ ಕೆಲಸ ಮಾಡ್ದೇ ಇರೋದೂ ಉಂಟು.

ಹಂತ 3: ವಿಂಡೋಸ್ ತಪ್ಪಾ, ಪೋರ್ಟ್ ತಪ್ಪಾ?

ಇದು ಇಡೀ ಪತ್ತೇದಾರಿಯಲ್ಲೇ ತುಂಬಾ ಮುಖ್ಯವಾದ ಹೆಜ್ಜೆ, ಅದಕ್ಕೇ ಲಿನಕ್ಸ್ ಪೆನ್‌ಡ್ರೈವ್ ರೆಡಿ ಇಟ್ಕೊಳ್ಳಿ ಅಂದಿದ್ದು. ಸರಿ ಇರೋ ಪೋರ್ಟಿಗೆ ಅದನ್ನ ಹಾಕಿ, ಅದರಿಂದಲೇ ಬೂಟ್ ಮಾಡಿ (ಅಂದ್ರೆ ವಿಂಡೋಸ್ ಬದಲು ಅದರಿಂದ ಲ್ಯಾಪ್‌ಟಾಪ್ ಶುರು ಮಾಡಿ), ಇನ್‌ಸ್ಟಾಲ್ ಮಾಡೋದ್ ಬೇಡ, ಸುಮ್ನೆ ಟ್ರೈ ಅಂತ ಕೊಟ್ಟು ಡೆಸ್ಕ್‌ಟಾಪ್‌ಗೆ ಬನ್ನಿ. ನಿಮ್ಮ ವಿಂಡೋಸ್, ಅದರ ಡ್ರೈವರ್, ಆಂಟಿವೈರಸ್ ಎಲ್ಲಾ ಈಗ ಪಕ್ಕಕ್ಕೆ ಸರಿದಿದೆ. ಈ ಸ್ಥಿತಿಯಲ್ಲಿ ಪೋರ್ಟ್ ಚೆನ್ನಾಗಿ ಓಡಿದ್ರೆ ಹಾರ್ಡ್‌ವೇರ್ ಸರಿ ಇದೆ, ಸ್ಕ್ರೂ ಡ್ರೈವರ್ ಮುಟ್ಟೋದೇ ಬೇಡ.

ಲಿನಕ್ಸ್‌ನಲ್ಲಿ ಟರ್ಮಿನಲ್ (ಕಮಾಂಡ್ ಟೈಪ್ ಮಾಡೋ ಕಿಟಕಿ) ತೆಗೆದು sudo dmesg -w ಅನ್ನೋ ಕಮಾಂಡ್ ಕೊಡಿ, ಎಲ್ಲಾ ಸಣ್ಣ ಅಕ್ಷರ. ಆಗ ಕಂಪ್ಯೂಟರ್ ಒಳಗೆ ನಡೀತಿರೋದೆಲ್ಲ ಕಣ್ಣ ಮುಂದೆ ಸಾಲು ಸಾಲಾಗಿ ಬರ್ತಾ ಇರತ್ತೆ. ಈಗ ಇನ್ನೊಂದು ಪೆನ್‌ಡ್ರೈವನ್ನ (ಲಿನಕ್ಸ್ ಇರೋದನ್ನ ಕೀಳ್ಬೇಡಿ) ಅನುಮಾನದ ಪೋರ್ಟಿಗೆ ಹಾಕಿ, ಏನು ಬರತ್ತೆ ಅಂತ ನೋಡ್ತಾ ಇರಿ. ಒಂದಕ್ಷರವೂ ಬರ್ಲಿಲ್ಲ ಅಂದ್ರೆ ಪೋರ್ಟಿಗೆ ಕರೆಂಟ್ ಬರ್ತಿಲ್ಲ ಅಥವಾ ಡೇಟಾ ಪಿನ್ ತಾಗ್ತಾನೇ ಇಲ್ಲ. ಡಿವೈಸ್ ಡಿಸ್ಕ್ರಿಪ್ಟರ್ ರೀಡ್ ಅಂತ ಬಂದು ಎರರ್ ಮೈನಸ್ 71 ಅಂತ ತೋರಿಸಿದ್ರೆ, ಸಾಮಾನು ಹಾಕಿದ್ದು ಗೊತ್ತಾಗಿದೆ ಆದ್ರೆ ಮಾತು ಅರ್ಥ ಆಗ್ತಿಲ್ಲ, ಅಂದ್ರೆ ಸಿಗ್ನಲ್ ಹಾಳಾಗಿ ಬರ್ತಿದೆ, ಕೊಳೆ ಅಥವಾ ಸಡಿಲ ಪಿನ್ ಕಡೆಗೆ ಇದು ಬೆರಳು ಮಾಡತ್ತೆ. ಮೈನಸ್ 110 ಅಂದ್ರೆ ಕೇಳಿದ ಪ್ರಶ್ನೆಗೆ ಉತ್ತರ ಬರೋಷ್ಟ್ರಲ್ಲಿ ಟೈಮ್ ಮುಗೀತು, ಕರೆಂಟ್ ಸಾಲ್ತಿಲ್ವಾ ಅಂತ ನೋಡ್ಬೇಕು. ಓವರ್ ಕರೆಂಟ್ ಅಂತ ಬಂದ್ರೆ, ಅದೂ ಪೋರ್ಟಲ್ಲಿ ಏನೂ ಹಾಕ್ದೇ ಇರುವಾಗ್ಲೇ ಬಂದ್ರೆ, ಒಳಗೆಲ್ಲೋ ಶಾರ್ಟ್ ಇದೆ, ಬಗ್ಗಿದ ಪಿನ್ನೊಂದು ಪೋರ್ಟಿನ ತಗಡಿಗೆ ತಾಗಿ ಕೂತಿರೋ ಸಾಧ್ಯತೆ ತುಂಬಾ.

ವಿಂಡೋಸ್‌ನಲ್ಲಿ ಇದೇ ವಿಷಯ ಡಿವೈಸ್ ಮ್ಯಾನೇಜರ್‌ನಲ್ಲಿ ಅಸ್ಪಷ್ಟವಾಗಿ ಕಾಣತ್ತೆ. ಅನ್‌ನೋನ್ ಯುಎಸ್‌ಬಿ ಡಿವೈಸ್, ಕೋಡ್ 43 ಅಂತ ಬಂದ್ರೆ ಮೇಲೆ ಹೇಳಿದ ಮೈನಸ್ 71 ತರದ್ದೇ ತೊಂದ್ರೆ ಇರಬಹುದು. ಕೋಡ್ 28 ಅಂದ್ರೆ ಡ್ರೈವರೇ ಹಾಕಿಲ್ಲ. ಇಲ್ಲೊಂದು ಮುಖ್ಯ ವಿಷಯ ಏನಂದ್ರೆ ವಿಂಡೋಸ್ 7ರಲ್ಲಿ ಯುಎಸ್‌ಬಿ 3.0 ಡ್ರೈವರ್ ಒಳಗೇ ಬರಲ್ಲ, 8ರಿಂದ ಬರತ್ತೆ. ಇಂಟೆಲ್ ತನ್ನ ಚಿಪ್‌ಸೆಟ್ (ಮದರ್‌ಬೋರ್ಡಿನ ಮುಖ್ಯ ಚಿಪ್) ಒಳಗೇ 3.0 ಕೊಟ್ಟಿದ್ದು 2012ರ 7 ಸೀರೀಸ್‌ನಿಂದ, ಅದಕ್ಕೂ ಹಿಂದಿನ ಮಷಿನ್‌ಗಳಲ್ಲಿ ನೀಲಿ ಪೋರ್ಟಿಗೆ ಎನ್‌ಇಸಿ, ರೆನೆಸಾಸ್ ತರದ ಬೇರೆ ಚಿಪ್ ಇರತ್ತೆ, ಅದಕ್ಕೆ ಬೇರೆ ಡ್ರೈವರ್ ಬೇಕು. ಹಂಗಾಗಿ ಹಳೇ ಲ್ಯಾಪ್‌ಟಾಪಲ್ಲಿ ವಿಂಡೋಸ್ 7 ಹಾಕಿಸ್ಕೊಂಡು ಬಂದ್ಮೇಲೆ ನೀಲಿ ಪೋರ್ಟ್ ಮಾತ್ರ ಸತ್ತಿದೆ, ಕಪ್ಪು ಪೋರ್ಟ್ ಓಡ್ತಿದೆ ಅಂದ್ರೆ ಪೋರ್ಟಿಗೆ ಏನೂ ಆಗಿಲ್ಲ.

ಪೆನ್‌ಡ್ರೈವ್ ಮಾತ್ರ ಬರ್ತಿಲ್ಲ, ಮೌಸ್ ಕೀಬೋರ್ಡ್ ಎಲ್ಲಾ ಓಕೆ ಅಂದ್ರೆ ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್ ಇಟ್ಕೊಳ್ಳೋ ಜಾಗ, ಸರ್ಚ್‌ನಲ್ಲಿ regedit ಅಂತ ಕೊಟ್ರೆ ತೆಗೆಯತ್ತೆ) ನೋಡಿ. ಲೋಕಲ್ ಮಷಿನ್, ಸಿಸ್ಟಮ್, ಕರೆಂಟ್ ಕಂಟ್ರೋಲ್ ಸೆಟ್, ಸರ್ವೀಸಸ್ ಒಳಗೆ ಯುಎಸ್‌ಬಿ ಸ್ಟೋರ್ ಅಂತ ಇರತ್ತೆ, ಅದರ ಸ್ಟಾರ್ಟ್ ವ್ಯಾಲ್ಯೂ 3 ಇರ್ಬೇಕು, 4 ಇದ್ರೆ ಯಾರೋ ಬೇಕಂತಲೇ ಬಂದ್ ಮಾಡಿದ್ದಾರೆ. ಇನ್ನು ಸ್ವಲ್ಪ ಹೊತ್ತು ಓಡಿ ತಾನೇ ಕಟ್ ಆಗೋ ಪೋರ್ಟಿಗೆ, ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ರೂಟ್ ಹಬ್ ಮೇಲೆ ಡಬಲ್ ಕ್ಲಿಕ್ ಮಾಡಿ ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ ಪವರ್ ಉಳಿಸೋಕೆ ಇದನ್ನ ಆಫ್ ಮಾಡಬಹುದು ಅನ್ನೋ ಟಿಕ್ ತೆಗೆದು ನೋಡಿ.

ಹಂತ 4: ಒಂದೇ ಪೋರ್ಟಾ, ಒಂದು ಕಡೆಯ ಎಲ್ಲಾ ಪೋರ್ಟಾ?

ನಲ್ಲೀಲಿ ನೀರು ಬರ್ದಿದ್ರೆ ಮೊದಲು ಪಕ್ಕದ ನಲ್ಲಿ ತಿರುಗಿಸಿ ನೋಡ್ತೀವಲ್ಲ, ಅಂಥದ್ದೇ ಲೆಕ್ಕ ಇದು. ಬಲಗಡೆಯ ಎರಡೂ ಯುಎಸ್‌ಬಿ, ಜೊತೆಗೆ ಆಡಿಯೋ ಜ್ಯಾಕ್ ಕೂಡ ಒಟ್ಟಿಗೆ ಹೋಗಿದ್ರೆ ಮೂರು ಪೋರ್ಟ್ ಒಂದೇ ದಿನ ಕೆಡೋದು ಅಪರೂಪ ಅಂತ ಯೋಚನೆ ಮಾಡಿ. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಒಂದು ಬದಿಯ ಪೋರ್ಟುಗಳು ಸಣ್ಣ ಬೇರೆ ಬೋರ್ಡ್ ಮೇಲೆ ಇರತ್ತೆ, ಅದು ಪಟ್ಟಿ ತರದ ರಿಬ್ಬನ್ ಕೇಬಲ್‌ನಿಂದ ಮದರ್‌ಬೋರ್ಡಿಗೆ ಸೇರಿರತ್ತೆ. ಲ್ಯಾಪ್‌ಟಾಪ್ ಬಿದ್ದಾಗ, ಅಥವಾ ಫ್ಯಾನ್ ಕ್ಲೀನ್ ಮಾಡಿಸೋಕೆ ಬಿಚ್ಚಿದಾಗ ಆ ರಿಬ್ಬನ್ ಸರಿಯಾಗಿ ಕೂರ್ದೇ ಇರೋದು ತೀರಾ ಸಾಮಾನ್ಯ. ಸರ್ವೀಸ್ ಆಗಿ ಬಂದ್ಮೇಲೆ ಶುರುವಾದ ತೊಂದ್ರೆ ಆದ್ರೆ ಮೊದಲ ಅನುಮಾನ ಅಲ್ಲೇ ಇರ್ಲಿ.

ಎಲ್ಲಾ ಯುಎಸ್‌ಬಿ ಪೋರ್ಟುಗಳೂ ಒಟ್ಟಿಗೆ ಹೋಗಿದ್ರೆ ವೆಬ್‌ಕ್ಯಾಮ್ ಆನ್ ಮಾಡಿ ನೋಡಿ. ಲ್ಯಾಪ್‌ಟಾಪಿನ ವೆಬ್‌ಕ್ಯಾಮ್, ಬ್ಲೂಟೂತ್, ಬೆರಳಚ್ಚು ರೀಡರ್ ಇವೆಲ್ಲಾ ಒಳಗಿಂದ ಯುಎಸ್‌ಬಿ ಮೇಲೇ ಓಡೋದು. ಅವು ಓಡ್ತಿದ್ರೆ ಕಂಟ್ರೋಲರ್ ಪೂರ್ತಿ ಸತ್ತಿಲ್ಲ, ಹೊರಗಿನ ಪೋರ್ಟುಗಳಿಗೆ ಹೋಗೋ 5 ವೋಲ್ಟ್ ಕಡೆ ಹುಡುಕ್ಬೇಕು. ಅವೂ ಕಾಣೆಯಾಗಿದ್ರೆ ಡ್ರೈವರ್, ಬಯೋಸ್, ಅದೂ ಅಲ್ಲಾಂದ್ರೆ ಚಿಪ್‌ಸೆಟ್.

ಹಂತ 5: ಕಣ್ಣಿಂದ ನೋಡೋದು, ತೊಳೆಯೋದು

ಆಫ್ ಮಾಡಿ, ಚಾರ್ಜರ್ ಬ್ಯಾಟರಿ ಎರಡೂ ತೆಗೀರಿ. ಟಾರ್ಚನ್ನ ಓರೆಯಾಗಿ ಹಿಡಿದು ಫೋನ್ ಕ್ಯಾಮೆರಾ ಜೂಮ್ ಮಾಡಿ ಒಳಗಿಂದು ಫೋಟೋ ತೆಗೀರಿ, ಬರೀ ಕಣ್ಣಿಗೆ ಕಾಣ್ದೇ ಇರೋದು ಫೋಟೋದಲ್ಲಿ ಕಾಣತ್ತೆ. ಯುಎಸ್‌ಬಿ ಪೋರ್ಟಿನ ಒಳಗೆ ನಾಲಿಗೆ ತರ ಒಂದು ಪ್ಲಾಸ್ಟಿಕ್ ಇದೆ, ಅದರ ಮೇಲೆ ಚಿನ್ನದ ಬಣ್ಣದ ನಾಲ್ಕು ಪಿನ್, ನೀಲಿ ಪೋರ್ಟಾದ್ರೆ ಇನ್ನೂ ಐದು ಸೇರಿ ಒಟ್ಟು ಒಂಬತ್ತು. ನಾಲಿಗೆ ನೇರ ಇದ್ಯಾ, ಮೇಲಕ್ಕೆ ಕೆಳಕ್ಕೆ ಬಗ್ಗಿದ್ಯಾ, ಬುಡದಲ್ಲಿ ಬಿರುಕು ಬಿಟ್ಟಿದ್ಯಾ, ನಾಲ್ಕೂ ಪಿನ್ ಒಂದೇ ಮಟ್ಟದಲ್ಲಿ ಇದ್ಯಾ ಅಥವಾ ಒಂದು ಒಳಗೆ ಕುಸಿದಿದ್ಯಾ ನೋಡಿ. ಪಕ್ಕದ ಸರಿ ಇರೋ ಪೋರ್ಟಿನ ಫೋಟೋನೂ ತೆಗೆದು ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿ.

ಮಂಗಳೂರು, ಉಡುಪಿ, ಕಾರವಾರದ ಕಡೆ ಉಪ್ಪು ಗಾಳಿ, ಮಲೆನಾಡಲ್ಲಿ ಮಳೆಗಾಲದ ಥಂಡಿ, ಅಲ್ಲೆಲ್ಲಾ ಲ್ಯಾಪ್‌ಟಾಪ್ ಒಂದೆರಡು ಮಳೆಗಾಲ ಬೀರುವಲ್ಲೇ ಕೂತಿದ್ರೆ ಪಿನ್ ಮೇಲೆ ಹಸಿರು ಕಿಲುಬು ಕೂತಿರತ್ತೆ. ಹಲ್ಲುಕಡ್ಡಿ ತುದೀನ ಸ್ವಲ್ಪ ಜಜ್ಜಿ ಕುಂಚದ ತರ ಮಾಡ್ಕೊಳ್ಳಿ, ಐಪಿಎಯಲ್ಲಿ ಅದ್ದಿ ಪಿನ್‌ಗಳ ಉದ್ದಕ್ಕೇ, ಒಳಗಿಂದ ಹೊರಗೆ ಎಳೀರಿ, ಅಡ್ಡಡ್ಡ ಉಜ್ಜಬೇಡಿ, ಪಿನ್ ಬಗ್ಗತ್ತೆ. ಕಡ್ಡಿ ತುದಿಗೆ ಹಸಿರೋ ಕಪ್ಪೋ ಹತ್ತೋದು ನಿಲ್ಲೋವರೆಗೂ ಮಾಡಿ, ಅರ್ಧ ಗಂಟೆ ಒಣಗೋಕೆ ಬಿಡಿ. ಬಾಯಲ್ಲಿ ಊದ್ಬೇಡಿ, ಉಗುಳಿನ ಹನಿ ಒಳಗೆ ಹೋಗತ್ತೆ. ಕೀಲುಗಳಿಗೆ ಹಾಕೋ ಎಣ್ಣೆ ಸ್ಪ್ರೇನೂ ಬೇಡ, ಅದರ ಜಿಡ್ಡಿಗೆ ಧೂಳು ಇನ್ನೂ ಜಾಸ್ತಿ ಅಂಟ್ಕೊಳ್ಳತ್ತೆ.

ಹಂತ 6: ಅಲುಗಾಡಿಸೋ ಟೆಸ್ಟ್, ಭಾರದ ಟೆಸ್ಟ್

ಈಗ ಆನ್ ಮಾಡಿ ಮೌಸ್ ಹಾಕಿ, ಪ್ಲಗ್ಗನ್ನ ಬೆರಳಲ್ಲಿ ತುಂಬಾ ಮೆತ್ತಗೆ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಒತ್ತಿ. ಒಂದು ದಿಕ್ಕಿಗೆ ಒತ್ತಿದಾಗ ಮಾತ್ರ ಓಡತ್ತೆ ಅಂದ್ರೆ ಎರಡರಲ್ಲಿ ಒಂದು: ಪಿನ್ನಿನ ಸ್ಪ್ರಿಂಗ್ ಸಡಿಲ ಆಗಿದೆ, ಅಥವಾ ಪೋರ್ಟಿನ ಕಾಲಿನ ಬೆಸುಗೆ ಬಿರುಕು ಬಿಟ್ಟಿದೆ. ಪ್ಲಗ್ ಜೊತೆ ಇಡೀ ಪೋರ್ಟಿನ ತಗಡೇ ಕೇಸ್ ಒಳಗೆ ಅಲ್ಲಾಡ್ತಿದ್ರೆ ಬೆಸುಗೆ ಬಿಟ್ಟಿದೆ, ಪೋರ್ಟ್ ಗಟ್ಟಿ ನಿಂತು ಪ್ಲಗ್ ಮಾತ್ರ ಲೊಡಲೊಡ ಅಂದ್ರೆ ಪೋರ್ಟ್ ಸವೆದಿದೆ. ಈ ವ್ಯತ್ಯಾಸ ಗೊತ್ತಾದ್ರೆ ಅಂಗಡಿಯವ್ರಿಗೆ ಹೇಳೋಕೆ ತುಂಬಾ ಅನುಕೂಲ. ಈ ಟೆಸ್ಟನ್ನ ಒಂದ್ಸಲ ಮಾಡಿ ಬಿಟ್ಬಿಡಿ, ಮತ್ತೆ ಮತ್ತೆ ಮಾಡಿದ್ರೆ ಬಿರುಕು ದೊಡ್ಡದಾಗತ್ತೆ.

ಮೌಸ್ ಓಡ್ತು ಅಂದ ಮಾತ್ರಕ್ಕೆ ಪೋರ್ಟ್ ಸರಿ ಇದೆ ಅಂತ ಅಲ್ಲ, ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ ಯಾಕಂದ್ರೆ ಜನ ಜಾಸ್ತಿ ದಾರಿ ತಪ್ಪೋದು ಇಲ್ಲೇ. ಸಾಧಾರಣ ಮೌಸ್ ಮಾತಾಡೋ ವೇಗ ಸೆಕೆಂಡಿಗೆ 1.5 ಮೆಗಾಬಿಟ್, ಅದಕ್ಕೆ ಬೇಕಾಗೋ ಕರೆಂಟೂ ತೀರಾ ಕಮ್ಮಿ, ಹಂಗಾಗಿ ಅರ್ಧಂಬರ್ಧ ತಾಗ್ತಿರೋ ಪಿನ್ ಮೇಲೂ ಓಡಿಬಿಡತ್ತೆ. ಪೆನ್‌ಡ್ರೈವ್ 480 ಮೆಗಾಬಿಟ್‌ನಲ್ಲಿ ಮಾತಾಡತ್ತೆ, ಸಿಗ್ನಲ್ ಸ್ವಲ್ಪ ಹಾಳಿದ್ರೂ ತಡವರಿಸತ್ತೆ. ಒಳಗೆ ತಿರುಗೋ ಡಿಸ್ಕ್ ಇರೋ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಅದರ ಮೇಲೆ ಜಾಸ್ತಿ ಕರೆಂಟೂ ಕೇಳತ್ತೆ. ಯುಎಸ್‌ಬಿ 2.0 ನಿಯಮದ ಪ್ರಕಾರ ಪೋರ್ಟ್ ಕೊಡ್ಬೇಕಾದ್ದು 500 ಮಿಲಿಆಂಪ್, 3.0 ಆದ್ರೆ 900. ಹಂಗಾಗಿ ಮೂರನ್ನೂ ಇದೇ ಕ್ರಮದಲ್ಲಿ ಹಾಕಿ ನೋಡಿ. ಮೌಸ್ ಓಕೆ, ಪೆನ್‌ಡ್ರೈವ್ ಇಲ್ಲ ಅಂದ್ರೆ ಡೇಟಾ ಪಿನ್ ಕಡೆ ನೋಡಿ. ಪೆನ್‌ಡ್ರೈವ್ ಓಕೆ, ಹಾರ್ಡ್‌ಡಿಸ್ಕ್ ಮಾತ್ರ ಟಿಕ್ ಟಿಕ್ ಅಂತ ಸದ್ದು ಮಾಡಿ ನಿಲ್ಲತ್ತೆ ಅಂದ್ರೆ 5 ವೋಲ್ಟ್ ಕುಸೀತಿದೆ (ಆ ಸದ್ದು ಕೇಳಿದ ಕೂಡ್ಲೇ ತೆಗೀರಿ, ಡಿಸ್ಕಿಗೂ ಒಳ್ಳೇದಲ್ಲ, ಬೆಲೆಬಾಳೋ ಫೋಟೋ ಇರೋ ಡಿಸ್ಕನ್ನ ಟೆಸ್ಟಿಗೆ ಬಳಸ್ಲೇಬೇಡಿ).

ನೀಲಿ ಪೋರ್ಟಿಗೆ 3.0 ಪೆನ್‌ಡ್ರೈವ್ ಹಾಕಿ, ಲಿನಕ್ಸ್‌ನಲ್ಲಿ lsusb -t ಅನ್ನೋ ಕಮಾಂಡ್ ಕೊಡಿ. ಆ ಪೆನ್‌ಡ್ರೈವ್ ಮುಂದೆ 5000 ಅಂತ ಇರ್ಬೇಕು. 480 ಅಂತ ಇದ್ರೆ ಹಳೇ ನಾಲ್ಕು ಪಿನ್ ಮಾತ್ರ ತಾಗ್ತಿದೆ, ಹೊಸ ಐದರಲ್ಲಿ ಯಾವ್ದೋ ತಾಗ್ತಿಲ್ಲ. ತುಂಬಾ ನಿಧಾನಕ್ಕೆ ತೂರಿಸಿದ್ರೂ ಕೆಲವೊಮ್ಮೆ ಹಿಂಗಾಗತ್ತೆ, ಅದಕ್ಕೆ ತೆಗೆದು ಒಂದೇ ಸಲಕ್ಕೆ ಪೂರ್ತಿ ಹಾಕಿ ಮತ್ತೆ ನೋಡಿ.

ಹಂತ 7: ಮಲ್ಟಿಮೀಟರ್

ಬೇಡದ ಯುಎಸ್‌ಬಿ ಕೇಬಲನ್ನ ಮಧ್ಯಕ್ಕೆ ಕತ್ತರಿಸಿ, ಲ್ಯಾಪ್‌ಟಾಪಿಗೆ ಹಾಕೋ ಕಡೆಯ ತುಂಡು ಇಟ್ಕೊಳ್ಳಿ, ವೈರ್ ಸುಲೀರಿ. ಸಾಮಾನ್ಯವಾಗಿ ಕೆಂಪು 5 ವೋಲ್ಟ್, ಕಪ್ಪು ಗ್ರೌಂಡ್, ಬಿಳಿ ಮತ್ತೆ ಹಸಿರು ಡೇಟಾ. ಬಣ್ಣ ನಂಬೋ ಮುಂಚೆ ಬೀಪ್ ಮೋಡ್‌ನಲ್ಲಿ ಪ್ಲಗ್ ಪಿನ್ನಿಗೂ ವೈರಿಗೂ ಇಟ್ಟು ಖಚಿತ ಮಾಡ್ಕೊಳ್ಳಿ, ಕೆಲವು ಅಗ್ಗದ ಕೇಬಲ್‌ಗಳಲ್ಲಿ ಬಣ್ಣ ಬೇರೆ ಇರತ್ತೆ. ನಾಲ್ಕೂ ವೈರಿನ ತುದಿ ಒಂದಕ್ಕೊಂದು ತಾಗದ ಹಾಗೆ ಟೇಪ್ ಹಚ್ಚಿ ದೂರ ದೂರ ಅಂಟಿಸಿ. ಪೋರ್ಟ್ ಒಳಗೆ ಪ್ರೋಬ್ ತೂರಿಸೋದಕ್ಕಿಂತ ಇದು ನೂರು ಪಾಲು ಸೇಫ್.

ಲ್ಯಾಪ್‌ಟಾಪ್ ಆನ್ ಮಾಡಿ, ಕೆಂಪು ಕಪ್ಪು ಮಧ್ಯೆ ಡಿಸಿ ವೋಲ್ಟ್ ನೋಡಿ. 4.75ರಿಂದ 5.25 ಒಳಗೆ ಇರ್ಬೇಕು. ಸೊನ್ನೆ ಇದ್ರೆ ಕರೆಂಟೇ ಬರ್ತಿಲ್ಲ.

ಈಗ ಆಫ್ ಮಾಡಿ, ಬ್ಯಾಟರಿ ಚಾರ್ಜರ್ ತೆಗೆದು, ಮೀಟರನ್ನ ಡಯೋಡ್ ಮೋಡಿಗೆ ತಿರುಗಿಸಿ. ಕೆಂಪು ಪ್ರೋಬ್ ಗ್ರೌಂಡಿಗೆ, ಅಂದ್ರೆ ಕಪ್ಪು ವೈರಿಗೆ, ಕಪ್ಪು ಪ್ರೋಬ್ ಒಂದೊಂದಾಗಿ ಬಿಳಿ, ಹಸಿರು ವೈರಿಗೆ. ಉಲ್ಟಾ ಅನ್ಸತ್ತೆ, ಆದ್ರೆ ಹಂಗೇ ಇಡ್ಬೇಕು. ಎರಡರಲ್ಲೂ ಹೆಚ್ಚುಕಮ್ಮಿ ಒಂದೇ ನಂಬರ್ ಬರ್ಬೇಕು, ನಂಬರ್ ಎಷ್ಟು ಅನ್ನೋದು ಬೋರ್ಡಿಂದ ಬೋರ್ಡಿಗೆ ಬದಲಾಗತ್ತೆ, ಅದಕ್ಕೇ ಸರಿ ಇರೋ ಪಕ್ಕದ ಪೋರ್ಟಿನಲ್ಲಿ ಅಳೆದು ಬರೆದಿಟ್ಕೊಂಡು ಹೋಲಿಸಿ. ಒಂದರಲ್ಲಿ ನಂಬರ್, ಇನ್ನೊಂದರಲ್ಲಿ ಓಪನ್ (ಮೀಟರಲ್ಲಿ OL ಅಥವಾ ಬರೀ 1) ಅಂತ ತೋರಿಸಿದ್ರೆ ಆ ಪಿನ್ನಿನ ದಾರಿ ಎಲ್ಲೋ ಕಟ್ ಆಗಿದೆ, ಬೆಸುಗೆ ಅಥವಾ ಪಿನ್ ಮುರಿದಿರಬಹುದು, ಇದು ರಿಪೇರಿ ಆಗೋ ಕೆಲಸ. ಸೊನ್ನೆ ಹತ್ರ ಬಂದ್ರೆ ಶಾರ್ಟ್, ರಕ್ಷಣೆಗೆ ಹಾಕಿರೋ ಸಣ್ಣ ಡಯೋಡ್ ಹೋಗಿರಬಹುದು ಇಲ್ಲಾ ಚಿಪ್‌ಸೆಟ್ಟಿಗೇ ಏಟು ಬಿದ್ದಿರಬಹುದು. 5 ವೋಲ್ಟ್ ಸೊನ್ನೆ ಇತ್ತು ಆದ್ರೆ ಕೆಂಪು ವೈರಿಗೂ ಗ್ರೌಂಡಿಗೂ ಶಾರ್ಟ್ ಇಲ್ಲ ಅಂದ್ರೆ ಪೋರ್ಟಿಗೆ ಕರೆಂಟ್ ಬಿಡೋ ಫ್ಯೂಸ್ ಅಥವಾ ಸ್ವಿಚ್ ಚಿಪ್ ಹೋಗಿರೋ ಸಾಧ್ಯತೆ ಜಾಸ್ತಿ, ಅದು ಸಣ್ಣ ಬಿಡಿಭಾಗ, ಅದಕ್ಕೋಸ್ಕರ ಇಡೀ ಬೋರ್ಡ್ ಬದಲಾಯಿಸೋಕೆ ಒಪ್ಕೋಬೇಡಿ.

ಚಾರ್ಜರ್ ಜ್ಯಾಕ್

ಮೊದಲು ಚಾರ್ಜರನ್ನೇ ಅಳೀರಿ. ಮೀಟರ್ 200 ವೋಲ್ಟ್ ರೇಂಜಲ್ಲಿ ಇಡಿ, 20ರಲ್ಲಿ ಇಟ್ರೆ ಲೆನೊವೊದ 20 ವೋಲ್ಟ್ ಚಾರ್ಜರ್ ಸ್ವಲ್ಪ ಜಾಸ್ತಿ ಕೊಡ್ತಿದ್ರೂ ಮೀಟರ್ ಬರೀ 1 ಅಂತ ತೋರಿಸತ್ತೆ. ಡೆಲ್ 19.5, ಏಸರ್ ಸಾಮಾನ್ಯವಾಗಿ 19. ಡೆಲ್ ಮತ್ತೆ ಎಚ್‌ಪಿಯ ದಪ್ಪ ಗುಂಡು ಪಿನ್ನಿನ ನಟ್ಟನಡುವೆ ಸೂಜಿ ತರ ಒಂದು ಪಿನ್ ಇದ್ಯಲ್ಲ, ಅದು ಕರೆಂಟಿಗಲ್ಲ, ಚಾರ್ಜರ್ ಯಾವ್ದು ಅಂತ ಲ್ಯಾಪ್‌ಟಾಪಿಗೆ ಹೇಳೋಕೆ. ವೋಲ್ಟ್ ನೋಡೋದು ಒಳಗೋಡೆ ಮತ್ತೆ ಹೊರಗೋಡೆ ಮಧ್ಯೆ, ಪ್ರೋಬ್ ಜಾರಿ ನಡುವಿನ ಸೂಜಿಗೆ ತಾಗದ ಹಾಗೆ ಹುಷಾರಾಗಿ.

ಡೆಲ್‌ನಲ್ಲಿ ಲ್ಯಾಪ್‌ಟಾಪ್ ಚಾರ್ಜರ್ ಮೇಲೆ ಓಡತ್ತೆ, ಬ್ಯಾಟರಿ ಮಾತ್ರ ಚಾರ್ಜ್ ಆಗಲ್ಲ, ಮಷಿನ್ ಎಳೆದಾಡ್ಕೊಂಡು ನಿಧಾನ ಓಡತ್ತೆ ಅಂದ್ರೆ ಎಫ್2 ಒತ್ತಿ ಬಯೋಸ್‌ನಲ್ಲಿ ಎಸಿ ಅಡಾಪ್ಟರ್ ಸಾಲು ನೋಡಿ. 65 ಅಥವಾ 90 ವಾಟ್ ಅನ್ನೋ ಬದಲು ಅನ್‌ನೋನ್ ಅಂತ ಇದ್ರೆ ಆ ಸೂಜಿ ಪಿನ್ನಿನ ದಾರಿ ಕಟ್ ಆಗಿದೆ. ಬ್ಯಾಟರಿ ಹೋಗಿದೆ ಅಂತ ಜನ ಹೊಸ ಬ್ಯಾಟರಿ ತಂದು ಹಾಕೋದು ಈ ಕೇಸಲ್ಲೇ, ದುಡ್ಡು ದಂಡ. ಬೇರೆ ಒರಿಜಿನಲ್ ಚಾರ್ಜರ್ ಹಾಕಿದಾಗ ವಾಟ್ ಕಾಣಿಸಿದ್ರೆ ಚಾರ್ಜರಿನ ತಂತಿ, ಕಾಣಿಸ್ಲಿಲ್ಲ ಅಂದ್ರೆ ಜ್ಯಾಕ್ ಅಥವಾ ಬೋರ್ಡು. ಲ್ಯಾಟಿಟ್ಯೂಡ್‌ನ ಹಲವು ಮಾಡೆಲ್‌ಗಳಲ್ಲಿ ಈ ಜ್ಯಾಕ್ ಬೋರ್ಡಿಗೆ ಬೆಸೆದಿರಲ್ಲ, ಸಣ್ಣ ವೈರಿನ ತುದೀಲಿ ಇರತ್ತೆ, ಬಿಚ್ಚಿ ಬೇರೆ ಹಾಕಿದ್ರೆ ಮುಗೀತು.

ಪಿನ್ ಹಾಕಿದ ಜಾಗ ಬಿಸಿ ಆಗ್ತಿದ್ರೆ, ಸುಟ್ಟ ವಾಸನೆ ಬಂದ್ರೆ, ಒಳಗೆ ಕಪ್ಪು ಮಸಿ ಕಂಡ್ರೆ, ದಯವಿಟ್ಟು ಅವತ್ತೇ ಬಳಸೋದು ನಿಲ್ಲಿಸಿ. ಸಡಿಲ ಜಾಗದಲ್ಲಿ ಮೂರ್ನಾಲ್ಕು ಆಂಪ್ ಹರಿದ್ರೆ ಪ್ಲಾಸ್ಟಿಕ್ ಕರಗತ್ತೆ. ಪೇಪರ್ ಮಡಚಿ ಕೊಟ್ಟು, ರಬ್ಬರ್ ಬ್ಯಾಂಡ್ ಸುತ್ತಿ, ರಾತ್ರಿ ಹಾಸಿಗೆ ಮೇಲೆ ಚಾರ್ಜಿಗಿಟ್ಟು ಮಲಗೋ ಹಾಸ್ಟೆಲ್ ಹುಡುಗರಿಗಂತೂ ಇದನ್ನ ಕೈಮುಗಿದು ಹೇಳ್ತೀನಿ.

ವಿಜಿಎ, ಎಚ್‌ಡಿಎಂಐ

ಶಾಲೆ ಕಾಲೇಜುಗಳ ಪ್ರೊಜೆಕ್ಟರ್‌ಗೆ ಈಗ್ಲೂ ವಿಜಿಎ ಓಡ್ತಿದೆ, ಅದಕ್ಕೆ ಇದನ್ನ ಬಿಡೋ ಹಾಗಿಲ್ಲ. ಇದರ ಒಳ್ಳೇ ಗುಣ ಅಂದ್ರೆ ಬಣ್ಣವೇ ಕಾಯಿಲೆ ಹೇಳತ್ತೆ. ಬಿಳಿ ಪುಟ ಹಳದಿಯಾಗಿ ಕಂಡ್ರೆ ನೀಲಿ ಪಿನ್, ಅಂದ್ರೆ 3ನೇದು ತಾಗ್ತಿಲ್ಲ. ತಿಳಿ ನೀಲಿ ಹಸಿರು ಮಿಶ್ರ ಕಂಡ್ರೆ ಕೆಂಪು, 1ನೇದು. ಗಾಢ ಗುಲಾಬಿ ಕಂಡ್ರೆ ಹಸಿರು, 2ನೇದು. ಚಿತ್ರ ಬಂದು ಅಲ್ಲಾಡಿದ್ರೆ, ಉರುಳಿದ್ರೆ 13, 14ನೇ ಪಿನ್. ಬಣ್ಣ ಎಲ್ಲಾ ಸರಿ ಆದ್ರೆ ವಿಂಡೋಸ್ ಅದನ್ನ ಜೆನೆರಿಕ್ ನಾನ್ ಪಿಎನ್‌ಪಿ ಮಾನಿಟರ್ ಅಂತ ಕರೆದು 1024 x 768ಕ್ಕೇ ನಿಂತ್ರೆ, ಮಾನಿಟರಿನ ವಿವರ ತರೋ 12 ಮತ್ತೆ 15ನೇ ಪಿನ್ ನೋಡಿ. ಕೇಬಲಿನ ತುದಿಯಲ್ಲಿ 9ನೇ ಪಿನ್ ಇಲ್ದಿದ್ರೆ ಗಾಬರಿ ಬೇಡ, ಎಷ್ಟೋ ಕೇಬಲ್ ತಯಾರಾಗೋದೇ ಹಂಗೆ. ಬೇರೆ ಕೇಬಲ್ ಹಾಕಿದ್ರೂ ಅದೇ ಬಣ್ಣ ಬಂದ್ರೆ ಮಾತ್ರ ಪೋರ್ಟ್.

ಎಚ್‌ಡಿಎಂಐಯಲ್ಲಿ 19 ಪಿನ್. ಚಿತ್ರದಲ್ಲಿ ಬಿಳಿ ಚುಕ್ಕಿ ಮಿನುಗಿದ್ರೆ ಡೇಟಾ ಲೈನ್ ದುರ್ಬಲ, ಮೊದಲು ಗಿಡ್ಡ ಕೇಬಲ್ ಹಾಕಿ. ಟಿವಿ ಹಾಕಿದ್ದೇ ಗೊತ್ತಾಗಲ್ಲ ಅಂದ್ರೆ ವಿಂಡೋಸ್ ಕೀ ಜೊತೆ ಪಿ ಒತ್ತಿ ಡುಪ್ಲಿಕೇಟ್ ಕೊಟ್ಟು ನೋಡಿ, ಆಗಲೂ ಇಲ್ಲ ಅಂದ್ರೆ 18 ಅಥವಾ 19ನೇ ಪಿನ್, ಟಿವಿ ಬಂತು ಅಂತ ಹೇಳೋ ಲೈನ್ ಅದು. ಅರ್ಥಿಂಗ್ ಸರಿ ಇಲ್ಲದ ಮನೇಲಿ ಲ್ಯಾಪ್‌ಟಾಪಿನ ಲೋಹದ ಭಾಗ ಮುಟ್ಟಿದ್ರೆ ಜುಮ್ ಅನ್ಸತ್ತಲ್ಲ, ಆ ಸ್ಥಿತೀಲಿ ಎರಡೂ ಆನ್ ಇರುವಾಗ ಎಚ್‌ಡಿಎಂಐ ಚುಚ್ಚಿದ್ರೆ ಪೋರ್ಟೇ ಸುಟ್ಟುಹೋಗಬಹುದು. ಎರಡನ್ನೂ ಆಫ್ ಮಾಡಿ, ಕೇಬಲ್ ಹಾಕಿ, ಆಮೇಲೆ ಆನ್ ಮಾಡಿ.

ಲ್ಯಾನ್

ನೂರು ಮೆಗಾಬಿಟ್ ಲಿಂಕಿಗೆ 1, 2, 3, 6 ಈ ನಾಲ್ಕು ಪಿನ್ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಗಿಗಾಬಿಟ್ ಇರೋ ಲ್ಯಾಪ್‌ಟಾಪ್, ಗಿಗಾಬಿಟ್ ರೌಟರ್, ಒಳ್ಳೇ ಕೇಬಲ್ ಎಲ್ಲಾ ಇದ್ದೂ ನೆಟ್‌ವರ್ಕ್ ಸ್ಟೇಟಸ್‌ನಲ್ಲಿ ಸ್ಪೀಡ್ 100ಕ್ಕೇ ನಿಂತ್ರೆ 4, 5, 7, 8ರಲ್ಲಿ ಯಾವ್ದೋ ಒಂದು ತಾಗ್ತಿಲ್ಲ. ಟಾರ್ಚ್ ಬಿಟ್ಟು ನೋಡಿ, ಎಂಟು ತಂತಿ ಸಮಾನಾಂತರ ಇರ್ಬೇಕು, ಒಂದು ಪಕ್ಕದ್ದರ ಮೇಲೆ ಹತ್ತಿರಬಹುದು. ಹಳೇ ಲ್ಯಾಂಡ್‌ಲೈನ್ ಫೋನಿನ ಸಣ್ಣ ಪ್ಲಗ್ಗನ್ನ ಇದರೊಳಗೆ ಹಾಕಿದ್ರೆ ಆ ಕಡೆ ಈ ಕಡೆ ತುದಿಯ ತಂತಿಗಳು ಒತ್ತಿ ಬಗ್ಗೋದುಂಟು. ಗುಡುಗು ಸಿಡಿಲಿನ ಮಾರನೇ ದಿನದಿಂದ ಲೈಟೇ ಬರ್ತಿಲ್ಲ ಅಂದ್ರೆ ರೌಟರಿನ ಪೋರ್ಟನ್ನೂ ಬೇರೆ ಲ್ಯಾಪ್‌ಟಾಪ್ ಹಾಕಿ ನೋಡಿ, ಏಟು ಕೇಬಲ್ ಮೂಲಕ ಎರಡೂ ಕಡೆ ಬಿದ್ದಿರಬಹುದು.

ಆಡಿಯೋ ಜ್ಯಾಕ್

ಹೆಡ್‌ಫೋನ್ ತೆಗೆದ್ರೂ ಸ್ಪೀಕರ್ ಮಾತಾಡ್ತಿಲ್ಲ ಅಂದ್ರೆ ಒಳಗಿನ ಪುಟ್ಟ ಸ್ವಿಚ್ ಸಿಕ್ಕಾಕ್ಕೊಂಡಿದೆ. ಜ್ಯಾಕನ್ನ ಹತ್ತಾರು ಸಲ ಹಾಕಿ ತೆಗೆದು ಮಾಡಿ, ಐಪಿಎ ಒಂದು ಹನಿ ಹೆಡ್‌ಫೋನ್ ಪಿನ್ನಿಗೆ ಸವರಿ ಮತ್ತೆ ಹಾಕಿ ತೆಗೀರಿ. ಮೈಕ್ ಮಾತ್ರ ಬರ್ತಿಲ್ಲ ಅಂದ್ರೆ ನಿಮ್ಮ ಲ್ಯಾಪ್‌ಟಾಪಿಗೆ ಮೈಕ್ ಹೆಡ್‌ಫೋನ್ ಬೇರೆ ಬೇರೆ ತೂತು ಇದ್ಯಾ ನೋಡಿ, ಫೋನಿನ ಇಯರ್‌ಫೋನ್ ಅಂಥದ್ದಕ್ಕೆ ನೇರವಾಗಿ ಹೊಂದಲ್ಲ.

ಬಿಚ್ಚೋದಾದ್ರೆ, ಅಂಗಡಿಗೆ ಕೊಡೋದಾದ್ರೆ

ಮನೇಲಿ ಬಿಚ್ಚಿ ಮಾಡಬಹುದಾದ್ದು ರಿಬ್ಬನ್ ಮತ್ತೆ ಕೂರಿಸೋದು, ಪಕ್ಕದ ಸಣ್ಣ ಬೋರ್ಡ್ ಬದಲಾಯಿಸೋದು, ವೈರಿನ ಜ್ಯಾಕ್ ಬದಲಾಯಿಸೋದು, ಅಷ್ಟೇ. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಪ್ರೋಬುಕ್ ಎಲ್ಲದಕ್ಕೂ ಕಂಪನಿಯವ್ರೇ ಸರ್ವೀಸ್ ಮ್ಯಾನ್ಯುಯಲ್ ಪುಕ್ಕಟೆ ಕೊಟ್ಟಿದ್ದಾರೆ, ಯಾವ ಸ್ಕ್ರೂ ಎಲ್ಲಿ ಅಂತ ಚಿತ್ರ ಸಮೇತ. ರಿಬ್ಬನ್ ಎಳೆಯೋ ಮುಂಚೆ ಕನೆಕ್ಟರಿನ ಲಾಕ್ ಪಟ್ಟಿ ಎತ್ತೋದನ್ನ ಮರೀಬೇಡಿ, ಅದು ಉಗುರಿನಷ್ಟು ತೆಳ್ಳಗಿರತ್ತೆ. ಮದರ್‌ಬೋರ್ಡಿಗೆ ಬೆಸೆದ ಪೋರ್ಟ್ ಕೀಳೋದು ಮಾತ್ರ ಸಾಧಾರಣ 25 ವಾಟ್ ಕಡ್ಡಿ ಐರನ್ನಿಂದ ಆಗೋ ಕೆಲಸ ಅಲ್ಲ, ಬೋರ್ಡಿನ ಪದರಗಳ ತಾಮ್ರ ಶಾಖ ಎಳ್ಕೊಂಡುಬಿಡತ್ತೆ, ಜೋರು ಮಾಡಿದ್ರೆ ಬೋರ್ಡಿನ ಗೆರೆಯೇ ಕಿತ್ತು ಬರತ್ತೆ. ಅದನ್ನ ಚಿಪ್ ಲೆವೆಲ್ ಕೆಲಸ ಮಾಡೋರಿಗೇ ಕೊಡಿ.

ಕೊಡುವಾಗ ನಿಮ್ಮ ಪೇಪರ್ ಜೊತೆ ಇರ್ಲಿ. "ಎಡಗಡೆ ಎರಡನೇ ಯುಎಸ್‌ಬಿ, 5 ವೋಲ್ಟ್ ಬರ್ತಿದೆ, ಹಸಿರು ಡೇಟಾ ಲೈನ್ ಓಪನ್, ಲಿನಕ್ಸ್‌ನಲ್ಲೂ ಹಂಗೇ, ಪೋರ್ಟ್ ಅಲ್ಲಾಡತ್ತೆ" ಅಂತ ಹೇಳಿದ್ರೆ ಮಾತುಕತೆಯ ಧಾಟಿಯೇ ಬೇರೆ ಆಗತ್ತೆ, ಅವ್ರೂ ಖುಷಿಯಿಂದ ಕೆಲಸ ಮಾಡ್ತಾರೆ. ಹಳೇ ಪೋರ್ಟ್ ವಾಪಸ್ ಕೊಡಿ ಅಂತ ಮೊದಲೇ ಹೇಳಿ. ರಿಪೇರಿ ಬೇಡ ಅನ್ಸಿದ್ರೆ ಉಳಿದಿರೋ ಒಂದು ಪೋರ್ಟಿಗೆ ಹಬ್ ಹಾಕಿ, ಲ್ಯಾನಿಗೂ ಆಡಿಯೋಗೂ ಯುಎಸ್‌ಬಿ ಅಡಾಪ್ಟರ್ ಸಿಗತ್ತೆ, ಎಕ್ಸ್‌ಪ್ರೆಸ್ ಕಾರ್ಡ್ ಸ್ಲಾಟ್ (ಹಳೇ ಲ್ಯಾಪ್‌ಟಾಪಿನ ಪಕ್ಕದಲ್ಲಿ ಕಾರ್ಡ್ ತೂರಿಸೋ ಜಾಗ) ಇದ್ರೆ ಅದಕ್ಕೂ ಯುಎಸ್‌ಬಿ ಕಾರ್ಡ್ ಬರತ್ತೆ. ಹಾರ್ಡ್‌ಡಿಸ್ಕ್ ಹಾಕೋದಾದ್ರೆ ತನ್ನದೇ ಬೇರೆ ಪವರ್ ಅಡಾಪ್ಟರ್ ಇರೋ ಹಬ್ಬನ್ನೇ ತಗೊಳ್ಳಿ.

ರಿಪೇರಿ ಆಗಿ ವಾಪಸ್ ತಗೊಳ್ಳುವಾಗ ದುಡ್ಡು ಕೊಡೋ ಮುಂಚೆ ಅಲ್ಲೇ ಕೌಂಟರ್ ಮೇಲೆ ಪೆನ್‌ಡ್ರೈವಿಗೆ ಒಂದು ದೊಡ್ಡ ಫೈಲ್ ಕಾಪಿ ಮಾಡಿ, ಕಾಪಿ ನಡೀತಿರುವಾಗ ಪ್ಲಗ್ಗನ್ನ ಮೆತ್ತಗೆ ಒಂದ್ಸಲ ಅಲ್ಲಾಡಿಸಿ, ಆಮೇಲೆ ಅದರ ಪಕ್ಕದ ಪೋರ್ಟುಗಳು, ವೆಬ್‌ಕ್ಯಾಮ್, ವೈಫೈ, ಕೀಬೋರ್ಡ್ ಎಲ್ಲಾ ಮೊದಲಿನ ಹಾಗೇ ಓಡ್ತಿದ್ಯಾ ಅಂತ ಒಂದೊಂದಾಗಿ ನೋಡ್ಕೊಂಡೇ ಹೊರಡಿ.